ಸಹಾಯದ ಹೆಸರಲ್ಲಿ ಸ್ವಾಧೀನ

ನವೆಂಬರ್ ಬಂತೆಂದರೆ, ಕೇಂದ್ರ ಸರಕಾರದ ಪಿಂಚಣಿದಾರರು ತಾವು ಬದುಕಿರುವುದನ್ನು ಸಾಬೀತುಪಡಿಸಬೇಕು. ಜೀವಿತ ಪ್ರಮಾಣಪತ್ರ ಸಲ್ಲಿಕೆಯಾಗದಿದ್ದರೆ ಪಿಂಚಣಿ ನಿಲ್ಲುತ್ತದೆ. ಬ್ಯಾಂಕಿನಲ್ಲಿ ಸರದಿ ಕಾಯುವ ಕಷ್ಟವನ್ನು ನೀಗಿಸಲೆಂದು 2014ರ ನವೆಂಬರ್‌ನಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಬಂತು. ಆದರೆ ದುಡಿದು ಸವೆದ ಬೆರಳ ಗೆರೆಗಳನ್ನು ಗುರುತಿಸಲು ಯಂತ್ರಗಳು ಅನೇಕ ಬಾರಿ ವಿಫಲವಾದುವು. 2021ರ ನವೆಂಬರ್‌ನಲ್ಲಿ ಮುಖ ಗುರುತಿಸುವ ತಂತ್ರಜ್ಞಾನ ಜಾರಿಯಾದ ಬಳಿಕ, ಮನೆಯಲ್ಲೇ ಕುಳಿತು ಮೊಬೈಲ್ ಮೂಲಕ ಈ ಕೆಲಸ ಮುಗಿಸಬಹುದಾಗಿದೆ. ಇದು ಸ್ವಾಗತಾರ್ಹ.

ಅಷ್ಟಕ್ಕೂ, ನಮ್ಮ ಮನೆಗಳಲ್ಲಿ ಆ ಮೊಬೈಲ್ ಯಾರ ಕೈಯಲ್ಲಿದೆ? ತಂದೆಯ ಖಾತೆಗೆ ಜೋಡಿಸಿರುವುದು ಮಗನ ನಂಬರು. ತಾಯಿಯ ಯುಪಿಐ ಗುಪ್ತ ಸಂಖ್ಯೆ ಗೊತ್ತಿರುವುದು ಮೊಮ್ಮಗನಿಗೆ. ಗೃಹಲಕ್ಷ್ಮಿಯ 2000 ರೂಪಾಯಿ ಜಮೆಯಾಯಿತೇ ಎಂದು ತಿಳಿಯಲು ಆಕೆ ಮಗ ಕೆಲಸದಿಂದ ಮರಳುವವರೆಗೆ ಕಾಯಬೇಕು. ಇದರಲ್ಲಿ ದುರುದ್ದೇಶವಿದೆ ಎಂದಲ್ಲ. ಕಲಿಸುವುದಕ್ಕಿಂತ ತಾವೇ ಮಾಡಿ ಮುಗಿಸುವುದು ಮಕ್ಕಳಿಗೆ ಸುಲಭ. ಆದರೆ ನಿನ್ನೆಯವರೆಗೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ತನ್ನ ದುಡ್ಡನ್ನು ತಾನೇ ಎಣಿಸಿ ತರುತ್ತಿದ್ದ ವ್ಯಕ್ತಿ, ಇಂದು ತನ್ನದೇ ಹಣಕ್ಕಾಗಿ ಮನೆಯವರ ಮುಂದೆ ಕೈಚಾಚುವಂತಾದರೆ, ಅದನ್ನು ಪ್ರಗತಿ ಎನ್ನಬೇಕೇ?

ವಂಚನೆಗೆ ಅಂಜಿ ಹಿರಿಯರನ್ನು ಮೊಬೈಲ್‌ನಿಂದ ದೂರವಿಟ್ಟಿದ್ದೇವೆ ಎಂಬ ಸಮರ್ಥನೆಯಿದೆ. ಈ ಭಯ ಸುಳ್ಳಲ್ಲ. ‘ಡಿಜಿಟಲ್ ಅರೆಸ್ಟ್’ನ ಹೆಸರಲ್ಲಿ ಅನೇಕ ವೃದ್ಧರು ಜೀವಮಾನದ ಉಳಿತಾಯವನ್ನೇ ಕಳಕೊಂಡಿದ್ದಾರೆ. ಆದರೆ ಆ ವಂಚನೆ ಆರಂಭವಾಗುವುದು ಒಂದು ಕರೆಯಿಂದ. ಕರೆ ಸ್ವೀಕರಿಸಲು ಯಾರೂ ಕಲಿಸಬೇಕಿಲ್ಲ. ಅಂಥದ್ದೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ, ಒಟಿಪಿಯನ್ನು ಯಾರಿಗೂ ಹೇಳಬಾರದು, ಮೋಸಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಕಲಿಸಬೇಕಿದೆ. ರಕ್ಷಣೆ ಇರುವುದು ಅರಿವಿನಲ್ಲೇ ಹೊರತು ಅಜ್ಞಾನದಲ್ಲಲ್ಲ.

ಸರಕಾರಕ್ಕೂ ಹೊಣೆಯಿದೆ. ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶವು ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್ 30ರಂದು ಸುಪ್ರೀಮ್ ಕೋರ್ಟು ಹೇಳಿದೆ. ಆಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿಹೀನರ ಅರ್ಜಿಯ ಮೇಲೆ ಬಂದ ಈ ತೀರ್ಪು, ಪೊರೆ ಕವಿದ ಕಣ್ಣಿನ, ನಡುಗುವ ಕೈಯ ವೃದ್ಧರಿಗೂ ಬಲ ನೀಡಬೇಕು. ಮೊಬೈಲ್ ಬಳಸಲಾಗದವರಿಗಾಗಿ ಕಚೇರಿಯ ಕೌಂಟರ್ ತೆರೆದಿರಲೇಬೇಕು.

ಉಳಿದದ್ದು ಮನೆಯ ಯುವಕ-ಯುವತಿಯರ ಕೆಲಸ. ವಾರಕ್ಕೊಂದು ಸಂಜೆ ಹಿರಿಯರ ಪಕ್ಕ ಕುಳಿತುಕೊಳ್ಳಿ. ಮೊಬೈಲ್‌ನ ಅಕ್ಷರಗಳನ್ನು ದೊಡ್ಡದು ಮಾಡಿ, ಅವರು ಓದಬಲ್ಲ ಭಾಷೆಗೆ ಬದಲಿಸಿ. ಹತ್ತು ಬಾರಿ ತಪ್ಪಿದರೂ ಅವರೇ ಒತ್ತಲಿ. ಗುಪ್ತ ಸಂಖ್ಯೆಯನ್ನೂ ಅವರೇ ಆರಿಸಲಿ. ಅದು ನಮಗೆ ತಿಳಿಯಬೇಕಾದ ಅಗತ್ಯವಿಲ್ಲ.