ಜೇಡಕ್ಕೊಂದು ಕರೆಯೋಲೆ

ಮಕ್ಕಳೇ, ಗೂಗಲ್‌ನಲ್ಲಿ ‘ಮೈಸೂರು ಪಾಕ್ ಮಾಡುವುದು ಹೇಗೆ’ ಎಂದು ಬರೆದು ಒತ್ತುತ್ತೀರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲು ಸಾಲು ಉತ್ತರ ಬರುತ್ತದೆ. ಅಷ್ಟು ಹೊತ್ತಿನಲ್ಲಿ ಅದು ಜಗತ್ತನ್ನೆಲ್ಲ ಸುತ್ತಿ ಹುಡುಕಿಕೊಂಡು ಬಂತು ಎಂದುಕೊಂಡಿರಾ? ಇಲ್ಲ. ಮೊದಲೇ ಬರೆದಿಟ್ಟುಕೊಂಡ ತನ್ನ ದಫ್ತರ ತೆರೆದು ನೋಡಿತು, ಅಷ್ಟೇ. ಅಜ್ಜನ ಕಪಾಟಿನಲ್ಲಿ ದಪ್ಪ ಪುಸ್ತಕವಿದ್ದರೆ ಅದರ ಕೊನೆಯ ಪುಟಗಳನ್ನು ತೆಗೆದು ನೋಡಿ. ಅಕಾರಾದಿಯಾಗಿ ಪದಗಳು, ಪಕ್ಕದಲ್ಲಿ ಪುಟಸಂಖ್ಯೆ. ಅದು ಪದಸೂಚಿ. ಗೂಗಲ್, ಬಿಂಗ್‌ನಂಥ ಹುಡುಕುತಾಣಗಳು ಇಂಟರ್‌ನೆಟ್ಟಿಗೆ ಇಂಥದೇ ಸೂಚಿ ಮಾಡಿಟ್ಟುಕೊಂಡಿವೆ. ಅದರಲ್ಲಿ ಸೇರದ ಪುಟ, ಹುಡುಕುವವರ ಪಾಲಿಗೆ ಇಲ್ಲವೇ ಇಲ್ಲ.

ಈ ಮಾತು ಈಗ ಬರಲು ಕಾರಣ ನಮ್ಮ ಬೀದಿಯ ಮೇಷ್ಟ್ರು. ಮೂವತ್ತು ವರ್ಷ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿದವರು. ಹೋದ ಊರಲ್ಲೆಲ್ಲ ಹಿರಿಯರ ಪಕ್ಕ ಕೂತು ಒಗಟುಗಳನ್ನು ಬರೆದುಕೊಂಡರು. ನಾಲ್ಕು ನೋಟ್‌ಬುಕ್ ತುಂಬಿವೆ. ಹೇಳಿದವರಲ್ಲಿ ಹೆಚ್ಚಿನವರು ಈಗ ಇಲ್ಲ. ಒಂಬತ್ತನೇ ಕ್ಲಾಸಿನ ಮೊಮ್ಮಗಳು ಬೇಸಿಗೆ ರಜೆಯಲ್ಲಿ ಅವನ್ನೆಲ್ಲ ಸೇರಿಸಿ 16 ಪುಟಗಳ ವೆಬ್‌ಸೈಟ್ ಮಾಡಿದಳು. ತಿಂಗಳು ಕಳೆದರೂ ಗೂಗಲ್‌ನಲ್ಲಿ ಒಂದು ಒಗಟೂ ಸಿಗಲಿಲ್ಲ. ಅಷ್ಟರಲ್ಲಿ ಯಾರೋ ಮೇಷ್ಟ್ರಿಗೆ ಫೋನ್ ಮಾಡಿದರು. “12,000 ರೂಪಾಯಿ ಕಟ್ಟಿ ಸಾರ್. ಮೂರೇ ದಿನದಲ್ಲಿ ಗೂಗಲ್‌ನ ಮೊದಲ ಸಾಲಿಗೆ ತರುತ್ತೇವೆ, ಗ್ಯಾರಂಟಿ.” ಮೇಷ್ಟ್ರು ಪಿಂಚಣಿಯ ಪಾಸ್‌ಬುಕ್ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು.

“ಸ್ವಲ್ಪ ತಡೀರಿ ಮೇಷ್ಟ್ರೇ” ಅಂದೆ. ಅಜ್ಜ ಅಜ್ಜಿಯರು ಇದನ್ನು ಗಮನವಿಟ್ಟು ಓದಬೇಕು. ಸೂಚಿಗೆ ಸೇರಿಸಲು ಗೂಗಲ್ ಕಾಸು ಕೇಳುವುದಿಲ್ಲ. ದುಡ್ಡು ತೆಗೆದುಕೊಂಡು ಮೇಲಿನ ಸಾಲಿಗೆ ಏರಿಸುವುದೂ ಇಲ್ಲವೆಂದು ಅದೇ ಹೇಳಿಕೊಂಡಿದೆ. ದುಡ್ಡು ಕೊಟ್ಟವರ ಜಾಹೀರಾತಿಗೆ ಬೇರೆ ಜಾಗವಿದೆ, ಅದರ ಮೇಲೆ ‘ಪ್ರಾಯೋಜಿತ’ ಎಂದು ಬರೆದೇ ಇರುತ್ತದೆ. ಮೊದಲ ಸಾಲಿನ ಗ್ಯಾರಂಟಿ ಕೊಡಲು ಹೊರಗಿನ ಯಾರಿಗೂ ಆಗದು.

ಹಾಗಾದರೆ ಸೂಚಿಗೆ ಪುಟಗಳು ಸೇರುವುದು ಹೇಗೆ? ಅದಕ್ಕಾಗಿ ತಿರುಗುತ್ತಲೇ ಇರುವ ತಂತ್ರಾಂಶಗಳಿವೆ. ಅವಕ್ಕೆ ಕ್ರಾಲರ್ ಎಂದು ಹೆಸರು, ಮುದ್ದಿಗೆ ಜೇಡ. ಒಂದು ಪುಟ ಓದುತ್ತದೆ, ಅದರಲ್ಲಿರುವ ಕೊಂಡಿ ಹಿಡಿದು ಇನ್ನೊಂದು ಪುಟಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಕೊಂಡಿಗಳೇ ಅದರ ದಾರಿ. ಮೇಷ್ಟ್ರ ವೆಬ್‌ಸೈಟಿಗೆ ಬೇರೆ ಯಾವ ಪುಟದಿಂದಲೂ ಕೊಂಡಿ ಇರಲಿಲ್ಲ. ಗದ್ದೆ ನಡುವೆ ಚೆಂದದ ಮನೆ ಕಟ್ಟಿ ದಾರಿಯನ್ನೇ ಬಿಡದ ಹಾಗೆ.

ನಾನೂ ಮೊಮ್ಮಗಳೂ ಕಂಪ್ಯೂಟರ್ ಮುಂದೆ ಕೂತೆವು. ಮೊದಲು ಪರೀಕ್ಷೆ. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಇಟ್ಟು, ಜಾಗ ಬಿಡದೆ ವೆಬ್‌ಸೈಟಿನ ವಿಳಾಸ ಹಾಕಬೇಕು. ಸೂಚಿಗೆ ಸೇರಿದ ಪುಟಗಳು ಸಾಮಾನ್ಯವಾಗಿ ಕಾಣಿಸುತ್ತವೆ. ನಮಗೆ ಸೊನ್ನೆ.

ದಾರಿ ಇಲ್ಲದ್ದು ಒಂದು ಕಾರಣ. ಇನ್ನೊಂದು ತಮಾಷೆಯದು. ಜೇಡ ಮರ್ಯಾದಸ್ಥ. ಯಾವ ಕೋಣೆಗೆ ಬರಬಹುದು, ಯಾವುದಕ್ಕೆ ಬರಬಾರದು ಎಂಬ ಚೀಟಿ ಬಾಗಿಲಲ್ಲಿದ್ದರೆ ಓದಿಕೊಂಡೇ ಒಳಗೆ ಬರುತ್ತದೆ. ಈ ಪದ್ಧತಿಯನ್ನು 1994ರಲ್ಲಿ ಸೂಚಿಸಿದವರು ಮಾರ್ಟೈನ್ ಕೋಸ್ಟರ್ ಎಂಬ ಎಂಜಿನಿಯರ್. ಪುಟದ ಒಳಗೇ ‘ಸೂಚಿಗೆ ಸೇರಿಸಬೇಡಿ’ ಎಂಬ ಗುರುತು ಹಾಕುವ ಅನುಕೂಲವೂ ಇದೆ. ಅರ್ಧಂಬರ್ಧ ಕೆಲಸವನ್ನು ಯಾರೂ ನೋಡದಿರಲಿ ಎಂದು ಹುಡುಗಿ ಆ ಗುರುತು ಹಾಕಿಕೊಂಡಿದ್ದಳು. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದಳು. “ಅಯ್ಯೋ ಅಜ್ಜಿ, ನಾನೇ ಬೋರ್ಡ್ ಹಾಕಿ ನಾನೇ ಕಾಯ್ತಾ ಇದ್ದೆ!” ಎಂದು ತಲೆ ಚಚ್ಚಿಕೊಂಡಳು.

ಮೂರನೆಯದು ನಮ್ಮ ಕನ್ನಡದ ಕತೆ. ಮೇಷ್ಟ್ರು ಐದಾರು ಪುಟಗಳನ್ನು ಹಿಂದೆಯೇ ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ ಇಟ್ಟಿದ್ದರು. ಆ ಕಾಲದ ಫಾಂಟ್‌ಗಳು ಯಕ್ಷಗಾನದ ವೇಷದ ಹಾಗೆ. ಹೊರಗೆ ಕನ್ನಡದ ಕಿರೀಟ, ಒಳಗಿರುವವರು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ನಮ್ಮ ಕಣ್ಣಿಗೆ ‘ಒಗಟು’ ಎಂದು ಕಂಡರೂ ಜೇಡಕ್ಕೆ ಕಾಣುವುದು ಒಳಗಿನ ಅರ್ಥವಿಲ್ಲದ ಗೀಚು. ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿರುವುದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ಹಳೆಯ ಫಾಂಟಿನಲ್ಲಿ ಟೈಪ್ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ವರ್ಷ ಉಳಿಯಿತು. ಎಷ್ಟು ಕತೆ, ಎಷ್ಟು ಲೇಖನ ಹೀಗೆ ವೇಷದೊಳಗೇ ಸಿಕ್ಕಿಕೊಂಡಿವೆಯೋ! ನನಗೆ ನಿಜಕ್ಕೂ ಸಂಕಟವಾಗುವುದು ಇದಕ್ಕೆ.

ನಿಮ್ಮ ಮನೆಯಲ್ಲೂ ಹಳೆಯ ಕಡತವಿದ್ದರೆ ಒಂದು ಸಾಲು ಕಾಪಿ ಮಾಡಿ ಮೊಬೈಲ್‌ನ ಮೆಸೇಜಿಗೆ ಹಾಕಿ ನೋಡಿ. ಕನ್ನಡವೇ ಬಂದರೆ ಸರಿ. ವಿಚಿತ್ರ ಚಿಹ್ನೆಗಳು ಬಂದರೆ ಯೂನಿಕೋಡ್‌ಗೆ ತಿರುಗಿಸಬೇಕು. ಅದಕ್ಕೆ ಉಚಿತ ಪರಿವರ್ತಕಗಳಿವೆ. ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಹಿರಿಯರು ಒಮ್ಮೆ ಓದಿ ತಿದ್ದಲೇಬೇಕು. ಮೇಷ್ಟ್ರು ಕೆಂಪು ಪೆನ್ನು ಹಿಡಿದು ಎರಡು ದಿನ ಕೂತರು. ಅಷ್ಟು ಖುಷಿಯಾಗಿ ಅವರನ್ನು ನೋಡಿ ಬಹಳ ಕಾಲವಾಗಿತ್ತು.

ಕೊನೆಗೆ ಕರೆಯೋಲೆ. ಗೂಗಲ್‌ನದೇ ‘ಸರ್ಚ್ ಕನ್ಸೋಲ್’ ಎಂಬ ಉಚಿತ ಸೇವೆ ಇದೆ. ಮೊದಲು ವೆಬ್‌ಸೈಟ್ ನಮ್ಮದೇ ಎಂದು ರುಜುವಾತು ಮಾಡಬೇಕು. ತಾಲ್ಲೂಕು ಕಚೇರಿಯಲ್ಲಿ ಪಹಣಿ ತೋರಿಸಿದ ಹಾಗೆ. ಅವರು ಕೊಡುವ ಪುಟ್ಟ ಕಡತವನ್ನು ನಮ್ಮ ವೆಬ್‌ಸೈಟಿನಲ್ಲಿ ಇಟ್ಟರೆ ಸಾಕು. ಆಮೇಲೆ ಎಲ್ಲ ಪುಟಗಳ ವಿಳಾಸವಿರುವ ಸೈಟ್‌ಮ್ಯಾಪ್ ಒಪ್ಪಿಸುವುದು. ಒಂದು ಸೈಟ್‌ಮ್ಯಾಪ್‌ನಲ್ಲಿ 50,000 ವಿಳಾಸದವರೆಗೆ ಹಾಕಬಹುದಂತೆ. ನಮ್ಮದು 16! ಮುಖ್ಯ ಪುಟಕ್ಕೆ ‘ಸೂಚಿಗೆ ಸೇರಿಸಿ’ ಎಂಬ ಕೋರಿಕೆಯನ್ನೂ ಕಳಿಸಿದೆವು. ಪದೇ ಪದೇ ಕೇಳಿದರೆ ಬೇಗ ಬರುವುದಿಲ್ಲ. ಕೆಲವು ದಿನವಾಗಬಹುದು, ಕೆಲವು ವಾರವೂ ಆಗಬಹುದು. ಸೇರಿಸಿಯೇ ತೀರುತ್ತೇವೆ ಎಂಬ ಮಾತೂ ಇಲ್ಲ. ಬಿಂಗ್‌ಗೂ ಇಂಥದೇ ಉಚಿತ ಏರ್ಪಾಡಿದೆ.

ಕೋರಿಕೆ ಕಳಿಸುವ ಮೊದಲು ಹುಡುಗಿಯಿಂದ ಒಂದು ಕೆಲಸ ಮಾಡಿಸಿದೆ. ಪುಟದ ಅಡಿಯಲ್ಲಿ ಮನೆ ವಿಳಾಸ, ಅಜ್ಜನ ಫೋನ್ ನಂಬರ್, ತನ್ನ ಶಾಲೆಯ ಹೆಸರು ಎಲ್ಲ ಇತ್ತು. ಅವನ್ನು ಅಳಿಸಿದಳು. ಸೂಚಿಗೆ ಸೇರಿದರೆ ಒಗಟಿನ ಜೊತೆಗೆ ಅವೂ ಯಾರು ಬೇಕಾದರೂ ಹುಡುಕಿದರೆ ಸಿಗುತ್ತವೆ.

ಹತ್ತನೇ ದಿನ ಸಂಜೆ ಮೇಷ್ಟ್ರ ಮನೆಯಿಂದ ಕೂಗು ಕೇಳಿಸಿತು. ನೋಟ್‌ಬುಕ್ಕಿನ ಒಂದು ಒಗಟಿನ ಮೊದಲ ನಾಲ್ಕು ಪದ ಬರೆದು ಹುಡುಕಿದ್ದರು, ಅವರದೇ ಪುಟ ಎರಡನೇ ಸಾಲಿನಲ್ಲಿ ಬಂದಿತ್ತು. ಒಗಟಿನ ಕೆಳಗೆ, ಅದನ್ನು ಹೇಳಿಕೊಟ್ಟ ಅಜ್ಜಿಯ ಹೆಸರಿತ್ತು. ಈ ಅಂಕಣ ಬರೆಯುವ ಹೊತ್ತಿಗೆ 16 ಪುಟಗಳಲ್ಲಿ 9 ಸೂಚಿಗೆ ಸೇರಿವೆ. ಉಳಿದ 7 ಪುಟಗಳಿಗಾಗಿ ಮೇಷ್ಟ್ರು ದಿನಾ ಕಾಫಿ ಆದ ಕೂಡಲೇ ಒಮ್ಮೆ ನೋಡುತ್ತಾರೆ.