ಜೋಗಿಮಟ್ಟಿಯನ್ನು ಊಟಿ ಅನ್ನಬೇಡಿ

ಎರಡು ದಿನದ ತಿರುಗಾಟದ ಕೊನೆಯ ಬೆಳಗ್ಗೆ ಜೋಗಿಮಟ್ಟಿ ಹತ್ತಿದೆವು. ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ಹಿರಿಯೂರಿನ ಮಾರಿಕಣಿವೆ ಎಲ್ಲ ಮುಗಿದಿತ್ತು. ಆಗಸ್ಟ್ ತಿಂಗಳು. ಕೆಳಗಿನಿಂದ ಕಂಡಿದ್ದ ಮೋಡದ ಒಳಗೇ ಈಗ ನಿಂತಿದ್ದೆವು. ಕಾಲೂರಲು ಬಿಡದ ಗಾಳಿ. ಹತ್ತು ಮಾರು ಆಚೆಯ ಗಿಡ ಕಾಣದು. ಹುಲ್ಲಿನ ತುದಿಯಲ್ಲೆಲ್ಲ ಹನಿ.

"ಥೇಟ್ ಊಟಿ ಕಣೋ!" ಅಂದ ಗೆಳೆಯ. ನನಗೆ ಮೈ ಉರಿಯಿತು.

ಅವನೊಬ್ಬನ ತಪ್ಪಲ್ಲ. 'ಬಯಲುಸೀಮೆಯ ಊಟಿ' ಎಂದು ನಾವೇ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇವೆ. ಇದು ಹೊಗಳಿಕೆಯಲ್ಲ, ಕೀಳರಿಮೆ. ನಮ್ಮ ಬೆಟ್ಟಕ್ಕೆ ಬೆಲೆ ಬರಲು ಇನ್ನೊಂದು ಬೆಟ್ಟದ ಹೆಸರು ಬೇಕೆ?

ಊಟಿಯ ಕಥೆಯನ್ನಾದರೂ ತಿಳಿದಿದ್ದೇವೆಯೇ? ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲನ್ನು ಬ್ರಿಟಿಷರು ಪಾಳು ನೆಲವೆಂದು ಬಗೆದು ನೀಲಗಿರಿ, ವ್ಯಾಟಲ್ ಮರಗಳನ್ನು ನೆಟ್ಟರು. ಸ್ವಾತಂತ್ರ್ಯದ ನಂತರವೂ ಅದು ನಿಲ್ಲಲಿಲ್ಲ. ವಾಹನಗಳ ಕಾಟ ಎಷ್ಟಾಯಿತೆಂದರೆ, ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಅಲ್ಲಿಗೆ ಹೋಗಲು ಇ-ಪಾಸ್ ಬೇಕಾಯಿತು. ಆ ಪಾಡು ನಮಗೂ ಬರಲಿ ಎಂದು ಹಾರೈಸುತ್ತಿದ್ದೇವೆಯೇ?

ನಿಜವಾದ ಮೋಡದ ಕಾಡು ನೋಡಬೇಕೆಂದರೆ ಬಾಬಾಬುಡನ್‌ಗಿರಿಯ ಶೋಲೆಗೆ ಹೋಗಿ. ಅಲ್ಲಿ ಪಾಚಿ ಹೊದ್ದ ಕೊಂಬೆಗಳು ಮಂಜನ್ನು ಸೋಸಿ ನೆಲಕ್ಕೆ ಹನಿಸುತ್ತವೆ. ಆ ಬೆಟ್ಟದ ವೇದಾ, ಅವತಿ ಎರಡೂ ಕೂಡಿ ವೇದಾವತಿಯಾಗಿ ಮಾರಿಕಣಿವೆ ಸೇರುತ್ತವೆ. 1933ರ ನಂತರ ಮೊದಲ ಸಲ, 2022ರಲ್ಲಿ, ಆ ಕಣಿವೆ ಕೋಡಿ ಬಿದ್ದಾಗ ಜಾತ್ರೆಯಂತೆ ಜನ ನೆರೆದರು. ನಮಗೆ ಮೋಡವೆಂದರೆ ನೀರು. ಫೋಟೊಗೆ ಹಿನ್ನೆಲೆಯಲ್ಲ.

ಜೋಗಿಮಟ್ಟಿ ಶೋಲೆಯಲ್ಲ, ಊಟಿಯೂ ಅಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಹಬ್ಬಿದ ಒಣಕಾಡು. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಮುಂಗಾರಿನಲ್ಲಿ ಕೆಲವು ವಾರ ಮೋಡ ಹೊದೆಯುತ್ತದೆ. ಚಿರತೆ, ಕರಡಿ, ನವಿಲುಗಳ ಮನೆ. 2015ರಲ್ಲಿ ವನ್ಯಜೀವಿ ಧಾಮವಾಗಿದ್ದು ಅವುಗಳಿಗಾಗಿ, ನಮ್ಮ ರಜೆಗಾಗಿ ಅಲ್ಲ. ಊಟಿ ಎಂದುಕೊಂಡು ಬಂದವರು ಏಪ್ರಿಲ್‌ನಲ್ಲಿ ಬಂದರೆ "ಏನೂ ಇಲ್ಲ ಇಲ್ಲಿ" ಅನ್ನುತ್ತಾರೆ. ಏನೂ ಇಲ್ಲ ಅನ್ನಿಸಿಕೊಂಡ ಜಾಗಕ್ಕೆ ಬೆಂಕಿ ಬಿದ್ದರೆ ಯಾರಿಗೆ ನೋವು?

ಪ್ರವಾಸಿಗರು ಬಂದರೆ ಊರಿಗೆ ನಾಲ್ಕು ಕಾಸು ಎನ್ನುವವರಿದ್ದಾರೆ. ಬರಲಿ, ಬೇಡ ಎಂದವರಾರು? ಆದರೆ ಮಳೆಗಾಲದ ಭಾನುವಾರಗಳಲ್ಲಿ ಇಷ್ಟೇ ಗಾಡಿ ಎಂಬ ಲೆಕ್ಕವಿರಲಿ. ಒಯ್ದ ಬಾಟಲಿ ವಾಪಸ್ ಬರಲಿ. ಶಾಲೆಯ ಮಕ್ಕಳನ್ನು ಬೇಸಿಗೆಯಲ್ಲೂ ಕರೆತಂದು ಬೋಳು ಮರ ತೋರಿಸಿ, ಅದು ಸತ್ತಿಲ್ಲ, ನೀರು ಉಳಿಸುತ್ತಿದೆ ಎಂದು ಹೇಳಿಕೊಡಿ.

ಇಳಿಯುವಾಗ ಗೆಳೆಯನಿಗೆ ಇಷ್ಟನ್ನೂ ಹೇಳಿದೆ. "ಸರಿ ಮಾರಾಯ, ಏನಂತ ಕರೀಲಿ ಹಾಗಾದ್ರೆ?" ಅಂದ.

ಜೋಗಿಮಟ್ಟಿ ಅನ್ನು. ಹೆಸರು ಇದೆಯಲ್ಲ.