ಕೊಂಬಿಗೆ ಬಣ್ಣ, ಕಾಲಿಗೆ ಲಾಳವಿಲ್ಲ

ಮೊದಲೇ ಹೇಳಿಬಿಡ್ತೀನಿ, ನಾನು ಕಾರು ದ್ವೇಷಿಯಲ್ಲ. ನನ್ನ ಹತ್ರ ಇರೋದೂ 2017ರ ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ. 5 ಎಚ್‌ಪಿ ಪಂಪ್‌ಸೆಟ್ಟು ಗದ್ದೆಗೆ ನೀರು ಹಾಯಿಸೋದನ್ನ ನೋಡಿಕೊಂಡು ಬೆಳೆದವನು ನಾನು. ಅಂಥ 46 ಪಂಪ್‌ಸೆಟ್ಟು ಈಗ ನನ್ನ ಬಲಗಾಲ ಕೆಳಗಿವೆ. ಆ ಖುಷಿ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ತಕರಾರು ನನ್ನಂಥವರ ಜೊತೆಗೇ. ಐಟಿ ಸಂಬಳ, ಮೂವತ್ತರ ಆಸುಪಾಸಿನ ವಯಸ್ಸು, ಆರೇಳು ವರ್ಷ ಹಳೆಯದಾದ ಒಂದು ಫಾಸ್ಟ್ ಸೆಡಾನ್. ಕೊಂಡ ಮೊದಲ ತಿಂಗಳೇ ಸ್ಟೇಜ್ ಒನ್ ರೀಮ್ಯಾಪ್. ಎರಡನೇ ತಿಂಗಳು ಪಟಪಟ ಸಿಡಿಯೋ ಎಕ್ಸಾಸ್ಟ್. ಮೂರನೇ ತಿಂಗಳು 18 ಇಂಚಿನ ಅಲಾಯ್. ಇಂಥವರನ್ನ ನಿಲ್ಲಿಸಿ "ಬ್ರೇಕ್ ಆಯಿಲ್ ಕೊನೆಗೆ ಬದಲಾಯಿಸಿದ್ದು ಯಾವಾಗ ಗುರು?" ಅಂತ ಕೇಳಿ. ಮುಖ ಮುಖ ನೋಡ್ತಾರೆ.

ನಮ್ಮ ಕಡೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡ್ತಾರೆ. ಮನೆಗೆ ತಂದ ಮೇಲೆ ಲಾಳ ಕಟ್ಟಿಸ್ತಾರೆ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಎಲ್ಲಾ ಸಂಕ್ರಾಂತಿಗೆ. ಬಿಇ ಓದಿದ ನಾವು ಮಾಡ್ತಿರೋದು ಇದಕ್ಕೆ ತದ್ವಿರುದ್ಧ. ಬಣ್ಣ ಮೊದಲು, ಗೆಜ್ಜೆ ಆಮೇಲೆ, ಲಾಳದ ಮಾತೇ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ಇದಕ್ಕೇ.

ಲೆಕ್ಕ ಬಲ್ಲವರು ನಾವು, ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿರೋ ಕಾರಿಗಿಂತ 120ರಲ್ಲಿರೋ ಅದೇ ಕಾರಿನ ಚಲನ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ನಿಲ್ಲಿಸುವಾಗ ಅದಷ್ಟೂ ಬ್ರೇಕಿನಲ್ಲಿ ಶಾಖವಾಗಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರಿಕೊಳ್ಳುತ್ತೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕು ಅನ್ನೋದು ನಿಯಮ. ನೀರು ಹೀರಿಕೊಂಡ ಆಯಿಲ್‌ಗೆ ಅದೇ ಮಿತಿ 155. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು ಅದಕ್ಕೇ. ಬದಲಾಯಿಸದೆ ನಂದಿ ಬೆಟ್ಟ ಇಳಿಯುವಾಗ ಆಯಿಲ್ ಕುದಿದು ಪೆಡಲ್ ನೆಲ ಮುಟ್ಟಿದರೆ, ರೀಮ್ಯಾಪ್ ಕೊಟ್ಟ ಹೆಚ್ಚುವರಿ ಕುದುರೆಗಳು ಬಂದು ಕಾರು ಹಿಡಿದು ನಿಲ್ಲಿಸಲ್ಲ.

ಇನ್ನು ಟೈರು. ರಿಮ್ಮಿಗೆ ಲಕ್ಷ ಸುರಿದು, ರಬ್ಬರಿಗೆ ಜಿಪುಣತನ! ಟೈರಿನ ಮೇಲೆ ವೇಗದ ಅಕ್ಷರ ಇರುತ್ತೆ: ಎಚ್ ಅಂದ್ರೆ 210 ಕಿ.ಮೀ.ವರೆಗೆ, ವಿ ಅಂದ್ರೆ 240, ಡಬ್ಲ್ಯು ಅಂದ್ರೆ 270. ಜೊತೆಗೆ ತಯಾರಾದ ವಾರ ಮತ್ತು ವರ್ಷ ಹೇಳೋ ನಾಲ್ಕು ಅಂಕಿ ಇರುತ್ತೆ. 2318 ಅಂತಿದ್ರೆ 2018ರ 23ನೇ ವಾರದ್ದು. ಫೋನು ಎರಡು ವರ್ಷಕ್ಕೇ ಹಳೆಯದಾಯ್ತು ಅನ್ನೋರು, ಏಳೆಂಟು ವರ್ಷದ ಗಟ್ಟಿಯಾದ ರಬ್ಬರನ್ನ "ಥ್ರೆಡ್ ಇನ್ನೂ ಇದೆಯಲ್ಲಾ" ಅಂತ ಓಡಿಸ್ತಾರೆ.

ಗೇರ್‌ಬಾಕ್ಸ್ ಕಥೆಯೂ ಇದೇ. ಈ ಆರ್‌ಎಸ್‌ನಲ್ಲಿರೋ ಆರು ಗೇರಿನ ಡಿಎಸ್‌ಜಿಯ ಕ್ಲಚ್ಚುಗಳು ಆಯಿಲ್‌ನಲ್ಲೇ ಮುಳುಗಿರುತ್ತವೆ. 60,000 ಕಿ.ಮೀ.ಗೊಮ್ಮೆ ಆ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಬೇಕು. ಅದನ್ನ ಮಾಡದೆ ಟಾರ್ಕ್ ಏರಿಸಿ, ಕೆಟ್ಟ ಮೇಲೆ "ಜರ್ಮನ್ ಎಂಜಿನಿಯರಿಂಗ್ ನಮ್ಮ ದೇಶಕ್ಕಲ್ಲ ಬಿಡಿ" ಅಂತ ಷರಾ ಬರೀತೀವಿ. ಸ್ವಾಮಿ, ಸುಮಾರು 25 ಲಕ್ಷದ ಕಾರು ನಿಮಗೆ ಅರ್ಧ ಬೆಲೆಗೆ ಸಿಕ್ಕಿರಬಹುದು. ಅದರ ಬಿಡಿಭಾಗ ಅರ್ಧ ಬೆಲೆಗೆ ಸಿಗಲ್ಲ. ಕಾರಿಗೆ ಮಾತ್ರ ಬಜೆಟ್ ಇದೆ, ಪಾಲನೆಗೆ ಇಲ್ಲ ಅಂದ್ರೆ ಆ ಕಾರು ನಿಮ್ಮ ಬಜೆಟ್ಟಿನದ್ದೇ ಅಲ್ಲ.

ಆಫೀಸಿನಲ್ಲಿ ಯಾರಾದ್ರೂ ಎಕ್ಸೆಪ್ಷನ್ ಹಿಡಿದು ಕ್ಯಾಚ್ ಬ್ಲಾಕ್ ಖಾಲಿ ಬಿಟ್ರೆ ಕೋಡ್ ರಿವ್ಯೂನಲ್ಲಿ ಚಳಿ ಬಿಡಿಸ್ತೀವಿ. ಚೆಕ್ ಎಂಜಿನ್ ದೀಪ ಹತ್ತಿದಾಗ ಸ್ಕ್ಯಾನರ್ ಚುಚ್ಚಿ, ಕೋಡ್ ಅಳಿಸಿ, "ಈಗ ಸರಿ ಹೋಯ್ತು" ಅಂತ ಹೊರಡೋದು ಬೇರೆಯೇನಾ? ಸೋಮವಾರದಿಂದ ಶುಕ್ರವಾರದವರೆಗೆ ಇದ್ದ ಬುದ್ಧಿ ಶನಿವಾರ ಬೆಳಗ್ಗೆ ಎಲ್ಲಿ ಹೋಗುತ್ತೆ?

"ನನ್ನ ದುಡ್ಡು, ನನ್ನ ಕಾರು, ನಿನಗೇನು?" ಅಂತೀರಿ. ದುಡ್ಡು ನಿಮ್ಮದೇ, ರಸ್ತೆ ನಿಮ್ಮದಲ್ಲ. ತಯಾರಕರ ಮೂಲ ವಿವರಕ್ಕೆ ಆರ್‌ಸಿ ಹೊಂದದ ಹಾಗೆ ವಾಹನ ಮಾರ್ಪಡಿಸೋದನ್ನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪಲ್ಲ. ಸದ್ದು, ಹೊಗೆಯ ಮಿತಿ ಮೀರೋದು 190ನೇ ಸೆಕ್ಷನ್ ಪ್ರಕಾರ ಅಪರಾಧ. ಮಾರ್ಪಾಡನ್ನ ವಿಮೆಯವರಿಂದ ಮುಚ್ಚಿಟ್ಟರೆ ಕ್ಲೇಮಿಗೂ ಕುತ್ತು. ಆದ್ರೆ ನನಗೆ ಕಾನೂನಿಗಿಂತ ದೊಡ್ಡ ಚಿಂತೆ ಬೇರೆ ಇದೆ.

ನೀವು ಭಾನುವಾರ ಮುಂಜಾನೆ "ಖಾಲಿ ರಸ್ತೆ" ಅಂತ ಕರೆಯೋ ಹೆದ್ದಾರಿ ಖಾಲಿ ಇರಲ್ಲ. ಆ ಹೊತ್ತಿಗೆ ಡೇರಿಗೆ ಹಾಲಿನ ಕ್ಯಾನು ಹೊತ್ತ ಟಿವಿಎಸ್ ಎಕ್ಸ್‌ಎಲ್ ರಸ್ತೆ ದಾಟುತ್ತೆ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು ಹೋಗ್ತಿರುತ್ತೆ. ಹುಲ್ಲಿನ ಹೊರೆ ಹೊತ್ತ ಹೆಂಗಸು ಡಿವೈಡರ್ ಹತ್ರ ನಿಂತಿರ್ತಾಳೆ. ಅವರೆಲ್ಲಾ ನಮ್ಮೂರಿನವರು, ನಿಮ್ಮಲ್ಲಿ ಅರ್ಧದಷ್ಟು ಜನರ ಊರಿನವರೂ ಹೌದು. ನಿಮ್ಮ ಕಾರು ಎಷ್ಟು ಬೇಗ ನೂರು ಮುಟ್ಟುತ್ತೆ ಅನ್ನೋದು ಅವರಿಗೆ ಬೇಕಿಲ್ಲ. ಎಷ್ಟು ದೂರದಲ್ಲಿ ನಿಲ್ಲುತ್ತೆ ಅನ್ನೋದೇ ಅವರ ಜೀವ.

ಹಾಗಂತ ಅಪ್‌ಗ್ರೇಡ್ ಮಾಡಲೇಬೇಡಿ ಅಂತ ನಾನು ಹೇಳ್ತಿಲ್ಲ. ಕ್ರಮ ಬದಲಾಯಿಸಿ ಅಂತಿದ್ದೀನಿ. ಕಾರಿನ ಬೆಲೆಯ ಐದನೇ ಒಂದು ಭಾಗ ಪಕ್ಕಕ್ಕಿಡಿ, ಇಲ್ಲದಿದ್ರೆ ಒಂದು ಮೆಟ್ಟಿಲು ಕೆಳಗಿನ ಕಾರು ಕೊಳ್ಳಿ. ಮೊದಲು ಆಯಿಲ್‌ಗಳು, ಕೂಲೆಂಟ್, ವಾಟರ್ ಪಂಪ್ ತಪಾಸಣೆ. ಆಮೇಲೆ ಬ್ರೇಕ್ ಪ್ಯಾಡು, ಡಿಸ್ಕು, ಒಳ್ಳೆಯ ಟೈರು. ಆಮೇಲೆ ಸಸ್ಪೆನ್ಷನ್ ಬುಷ್ಷು, ಶಾಕ್ ಅಬ್ಸಾರ್ಬರ್. ನನ್ನ ಕಾರಿಗೆ ನಾನು ಮಾಡಿಸಿದ್ದೂ ಇದೇ ಕ್ರಮದಲ್ಲಿ. ಇಷ್ಟಾದ ಮೇಲೆ ಓಡಿಸಿ ನೋಡಿ, 230 ಕುದುರೆ ಸಾಲಲ್ಲ ಅನ್ನೋ ಕೊರಗು ಬಹಳ ಜನಕ್ಕೆ ಅಲ್ಲಿಗೇ ಮುಗಿಯುತ್ತೆ.

ಇವತ್ತು ರಾತ್ರಿ ಪಾರ್ಕಿಂಗಿಗೆ ಇಳಿದು, ಮೊಬೈಲ್ ಟಾರ್ಚ್ ಹಾಕಿ, ನಿಮ್ಮ ನಾಲ್ಕು ಟೈರಿನ ಆ ನಾಲ್ಕು ಅಂಕಿ ಓದಿ. ಅದು ಗೊತ್ತಿಲ್ಲದವರಿಗೆ ಸ್ಟೇಜ್ ಟೂ ಮಾತಾಡೋ ಯೋಗ್ಯತೆ ಇಲ್ಲ.